ಕೀಲೆಣ್ಣೆಯಿಂದ ಗ್ರೀಸ್ ಗನ್ನಿನವರೆಗೆ

ಯಶವಂತಪುರದ ದೇವರಾಜ ಅರಸು ಟ್ರಕ್ ಟರ್ಮಿನಲ್ ಬಳಿಯಲ್ಲೋ ತುಮಕೂರು ರಸ್ತೆಯ ಷೆಡ್ಡುಗಳ ಮುಂದೆಯೋ ಹಾದುಹೋಗುವಾಗ, ನಿಂತ ಲಾರಿಯ ಅಡಿಯಿಂದ ಎರಡು ಕಾಲು ಮಾತ್ರ ಹೊರಗೆ ಚಾಚಿರುವುದನ್ನು ನೀವು ಕಂಡಿರಬಹುದು. ಒಳಗೆ ಮಲಗಿದವನ ಕೈಯಲ್ಲಿ ಗ್ರೀಸ್ ಗನ್ ಇರುತ್ತದೆ. ಅವನು ಮಾಡುತ್ತಿರುವ ಕೆಲಸ ಲಾರಿಗಿಂತ ಬಹಳ ಹಳೆಯದು.

ಲಾರಿಗೆ ಮೊದಲು ನಮ್ಮಲ್ಲಿ ಸರಕು ಹೊತ್ತದ್ದು ಎತ್ತಿನ ಗಾಡಿ. ಅಚ್ಚು ಸವೆಯದಂತೆ, ಗಾಲಿ ಕಿರುಗುಟ್ಟದಂತೆ ರೈತರು ಕೀಲೆಣ್ಣೆ ಹಾಕುತ್ತಿದ್ದರು. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿಯನ್ನು ಕಲಸಿದರೆ ಕೀಲೆಣ್ಣೆ. ಅದನ್ನು ಬಿದಿರಿನ ಗೊಟ್ಟದಲ್ಲಿ ತುಂಬಿ ಗಾಡಿಗೇ ತೂಗುಹಾಕುತ್ತಿದ್ದರು. ಹರಳನ್ನು ಎಲ್ಲಿಂದಲೋ ತರಬೇಕಾಗಿರಲಿಲ್ಲ, ರಾಗಿ ಹೊಲದ ಅಕ್ಕಡಿ ಸಾಲಿನಲ್ಲೇ ಬೆಳೆಯುತ್ತಿತ್ತು. ಈಜಿಪ್ಟಿನಲ್ಲಿ ಕ್ರಿ.ಪೂ. 1400ರ ಸುಮಾರಿನ ಗೋರಿಯೊಂದರಲ್ಲಿ ದೊರೆತ ರಥದ ಅಚ್ಚಿನ ಮೇಲೂ ಪ್ರಾಣಿಕೊಬ್ಬಿನ ಕುರುಹು ಸಿಕ್ಕಿದೆ.

ಗಾಡಿಯಲ್ಲಿ ಎಣ್ಣೆ ಬೇಡುವ ಜಾಗಗಳು ಒಂದೆರಡು. 1954ರಲ್ಲಿ ಟಾಟಾ ಸಂಸ್ಥೆ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆಗೂಡಿ ಜಮ್‌ಷೆಡ್‌ಪುರದಲ್ಲಿ ತಯಾರಿಸತೊಡಗಿದಂಥ ಲಾರಿಗಳಲ್ಲಿ ಅವು ಹತ್ತಾರು. ಮುಂದಿನ ಚಕ್ರ ಉರುಳಿದರೆ ಸಾಲದು; ಕಿಂಗ್ ಪಿನ್ ಮೇಲೆ ಎಡಬಲಕ್ಕೆ ಹೊರಳಬೇಕು, ಟೈ ರಾಡಿನ ತುದಿಯ ಗುಂಡುಕೀಲು ಸ್ಟೇರಿಂಗಿನ ಮಾತು ಕೇಳಬೇಕು, ಕಮಾನು ಪಟ್ಟಿಗಳ ಷ್ಯಾಕಲ್ ಪಿನ್ನುಗಳು ಗುಂಡಿ ಬಿದ್ದ ರಸ್ತೆಯ ಏಟು ತಿನ್ನಬೇಕು. ಮೊದಮೊದಲು ವಾಹನಗಳ ಒಂದೊಂದು ಕೀಲಿಗೂ ಗ್ರೀಸ್ ಬಟ್ಟಲಿರಿಸಿ ತಿರುಪುತ್ತಿದ್ದರು. ಬೇಸರದ ಕೆಲಸ, ಆದ್ದರಿಂದಲೇ ಮರೆತುಹೋಗುವ ಕೆಲಸ. ಅಮೆರಿಕದ ಆರ್ಥರ್ ಗುಲ್ಬೋರ್ಗ್ ಮೊದಲನೇ ಮಹಾಯುದ್ಧದ ಕಾಲದಲ್ಲಿ ಒತ್ತಡದ ಗನ್ ರೂಪಿಸಿದ. ಆಸ್ಟ್ರಿಯಾ ಮೂಲದ ಆಸ್ಕರ್ ಜೆರ್ಕ್‌ಗೆ 1929ರಲ್ಲಿ ಪುಟ್ಟ ನಿಪ್ಪಲ್‌ಗೆ ಪೇಟೆಂಟ್ ದೊರೆಯಿತು. ಇಂದಿಗೂ ಅಂಥದೇ ನಿಪ್ಪಲ್‌ಗಳು ಲಾರಿಗಳಲ್ಲಿವೆ.

ಬಲ್ಲ ಮೆಕ್ಯಾನಿಕ್ ಮೊದಲು ನಿಪ್ಪಲ್ಲನ್ನು ಬಟ್ಟೆಯಿಂದ ಒರೆಸುತ್ತಾನೆ. ಇಲ್ಲದಿದ್ದರೆ ಮೇಲಿನ ಮಣ್ಣೂ ಗ್ರೀಸಿನೊಡನೆ ಒಳಹೋಗಿ ಲೋಹವನ್ನು ಅರೆಯುತ್ತದೆ. ಜಾಕ್ ಕೊಟ್ಟು ಮುಂದಿನ ಅಚ್ಚನ್ನೆತ್ತಿ, ಕೆಳಗೆ ಗಟ್ಟಿಯಾದ ಆಸರೆ ಇಟ್ಟ ಮೇಲೆಯೇ ಒಳಗೆ ಹೋಗುತ್ತಾನೆ. (ಬರೀ ಜಾಕನ್ನು ನಂಬಿ ಲಾರಿಯ ಕೆಳಗೆ ಮಲಗುವುದು ಪ್ರಾಣದೊಡನೆ ಆಟ.) ಭಾರ ಇಳಿದಾಗ ಕಿಂಗ್ ಪಿನ್ನಿನ ಸಂದಿಗೆ ಗ್ರೀಸ್ ಸರಿಯಾಗಿ ಇಳಿಯುತ್ತದೆ. ಹಳೆಯ ಕಪ್ಪು ಗ್ರೀಸ್ ಹೊರಬಿದ್ದು ಹೊಸದು ಇಣುಕುವವರೆಗೆ ಒತ್ತುತ್ತಾನೆ. ಗುಂಡುಕೀಲಿಗೆ ರಬ್ಬರ್ ಟೋಪಿ ಇದ್ದರೆ ಅದು ಹರಿಯದಂತೆ ಕೈ ಹಿಡಿಯುತ್ತಾನೆ. ಇಷ್ಟನ್ನು ಮಾಡದೆ ಬಿಟ್ಟರೆ ಮಳೆನೀರು, ಧೂಳು ಸೇರಿ ಕೀಲು ಸವೆಯುತ್ತದೆ. ಸ್ಟೇರಿಂಗ್ ಮೊದಲು ಬಿಗಿಯಾಗುತ್ತದೆ, ಬಳಿಕ ಸಡಿಲ. ಟೈ ರಾಡಿನ ತುದಿ ಓಡುವಾಗಲೇ ಕಳಚಿದರೆ ಚಕ್ರ ಚಾಲಕನ ಕೈಯಲ್ಲಿರುವುದಿಲ್ಲ. ಹೆಬ್ಬಾಳದ ಮೇಲ್ಸೇತುವೆಯ ಮೇಲೆ ಹಾಗಾದರೆ ಅಕ್ಕಪಕ್ಕದ ಸ್ಕೂಟರಿನವರ ಗತಿ ಏನೆಂದು ನೀವೇ ಊಹಿಸಬಹುದು.

ಗ್ರೀಸ್ ಎಂದರೆ ಸೋಪು ಹಿಡಿದಿಟ್ಟ ಎಣ್ಣೆ. ಹಳೆಯ ಸುಣ್ಣದ ಸೋಪಿನ ಗ್ರೀಸ್ ಬಿಸಿಗೆ ಕರಗುತ್ತಿತ್ತು. 1942ರಲ್ಲಿ ಕ್ಲಾರೆನ್ಸ್ ಅರ್ಲ್ ಎಂಬಾತ ಪೇಟೆಂಟ್ ಪಡೆದ ಲಿಥಿಯಂ ಗ್ರೀಸ್ ಬಿಸಿಯನ್ನೂ ನೀರನ್ನೂ ತಡೆಯಿತು. ಇಂದು ಅಂಥ ಗ್ರೀಸಿನ ಸೋಪಿಗೆ ಬೇಕಾದ ಆಮ್ಲವನ್ನು ಪಡೆಯುವುದು ಹರಳೆಣ್ಣೆಯಿಂದ. ಬಿದಿರಿನ ಗೊಟ್ಟದಲ್ಲಿದ್ದ ಅದೇ ಹರಳೆಣ್ಣೆ!

ಹೊಸ ಲಾರಿಗಳಲ್ಲಿ ಹಲವು ಕೀಲುಗಳು ಗ್ರೀಸ್ ತುಂಬಿ ಮುಚ್ಚಿಯೇ ಬರುತ್ತವೆ. ಅವಕ್ಕೆ ನಿಪ್ಪಲ್ ಇಲ್ಲ. ಸವೆದರೆ ಕೀಲನ್ನೇ ಬದಲಿಸಬೇಕು.