ಓಟದ ಕಾರಿನ ಸೊಂಟಪಟ್ಟಿ

ಓಟದ ಕಾರು ವೇಗವಾಗಿ ತಿರುವು ಹಿಡಿದಾಗ ಚಾಲಕನ ಮೈ ಪಕ್ಕಕ್ಕೆ ಜಾರುತ್ತದೆ. ಆಸನ ಹಿಡಿದಿಡದಿದ್ದರೆ ಆತ ಸ್ಟಿಯರಿಂಗ್ ಚಕ್ರಕ್ಕೇ ಜೋತುಬೀಳಬೇಕು. ಆದರೂ 1950ರ ದಶಕದಲ್ಲಿ ಯೂರೋಪಿನ ಅನೇಕ ಓಟಗಾರರು ಪಟ್ಟಿ ಕಟ್ಟಿಕೊಳ್ಳಲು ಒಪ್ಪುತ್ತಿರಲಿಲ್ಲ. ಉರಿಯುವ ಕಾರಿನಲ್ಲಿ ಸಿಕ್ಕಿಬೀಳುವುದಕ್ಕಿಂತ ಹೊರಗೆ ಬಿದ್ದು ಕೈಕಾಲು ಮುರಿದುಕೊಳ್ಳುವುದೇ ಲೇಸೆಂದು ಅವರ ಎಣಿಕೆ. ಇದನ್ನು ಹುಂಬತನವೆನ್ನಲಾರೆ, ಪೆಟ್ರೋಲು ಟ್ಯಾಂಕು ಅವರ ಬೆನ್ನಿಗೋ ಮಗ್ಗುಲಿಗೋ ಇರುತ್ತಿತ್ತು.

ಆಸ್ಟ್ರಿಯದ ಪರವಾಗಿ ಸ್ಪರ್ಧಿಸುತ್ತಿದ್ದ ಯೋಹೆನ್ ರಿಂಟ್‌ಗೂ ಅದೇ ಅಳುಕು. 1970ರ ಸೆಪ್ಟೆಂಬರ್ 5ರಂದು ಇಟಲಿಯ ಮೊಂಜಾದಲ್ಲಿ ಅಭ್ಯಾಸಕ್ಕಿಳಿದಾಗ ಉಳಿದ ಪಟ್ಟಿಗಳನ್ನು ಬಿಗಿದುಕೊಂಡು, ಬೆಂಕಿ ಹತ್ತಿದರೆ ಬೇಗ ಹೊರಬರಲೆಂದು ತೊಡೆಗಳ ನಡುವಿನದನ್ನು ಮಾತ್ರ ಬಿಟ್ಟಿದ್ದ. ಕಾರು ತಡೆಬೇಲಿಗೆ ಬಡಿಯಿತು. ಮೈ ಕೆಳಕ್ಕೆ ಜಾರಿ, ಕಟ್ಟಿಕೊಂಡ ಪಟ್ಟಿಯೇ ಗಂಟಲು ಸೀಳಿತು. ಆ ವರ್ಷದ ವಿಶ್ವವಿಜೇತನ ಪಟ್ಟ ಮರಣಾನಂತರ ಆತನಿಗೆ ಸಂದಿತು. 1972ರಲ್ಲಿ ಫಾರ್ಮುಲಾ ಒನ್ ಓಟಗಳಲ್ಲಿ ಆರು ಕಡೆಯಿಂದ ಬಿಗಿಯುವ ಪಟ್ಟಿ ಕಡ್ಡಾಯವಾಯಿತು. ತೊಡೆಗಳ ನಡುವಿನದೂ ಅದರಲ್ಲಿ ಸೇರಿತ್ತು.