ಅಂಗಾಂಶದಲ್ಲಿ ಕ್ಷಯದ ಪತ್ತೆ: ದಾವಣಗೆರೆ–ಹರಿಹರದ ನೆಲೆಯಿಂದ ಒಂದು ಚಾರಿತ್ರಿಕ ಅವಲೋಕನ

ಕ್ಷಯವೆಂದರೆ ಕೆಮ್ಮು, ಕಫ, ಎದೆಯ ಎಕ್ಸ್‌ರೇ ಎಂಬುದು ಸಾಮಾನ್ಯ ಗ್ರಹಿಕೆ. ಆದರೆ ಭಾರತದ ಕ್ಷಯರೋಗಿಗಳಲ್ಲಿ ಶೇ. 15ರಿಂದ 20ರಷ್ಟು ಮಂದಿಗೆ ರೋಗವಿರುವುದು ಶ್ವಾಸಕೋಶದ ಹೊರಗೆ. ಎಚ್‌ಐವಿ ಸೋಂಕಿತರಲ್ಲಿ ಈ ಪ್ರಮಾಣ ಅರ್ಧವನ್ನೂ ಮೀರುತ್ತದೆ. ಹಿರಿಯರು ಗಂಡಮಾಲೆ ಎನ್ನುತ್ತಿದ್ದ ಕುತ್ತಿಗೆಯ ಗಂಟು, ಬೆನ್ನುಮೂಳೆ, ಕರುಳು, ಗರ್ಭಕೋಶದ ಒಳಪದರ ಇವುಗಳ ಕ್ಷಯಕ್ಕೆ ಕಫ ಪರೀಕ್ಷೆ ಸಾಲದು. ಅಲ್ಲಿ ಅಂಗಾಂಶದ ಚೂರೇ ಸಾಕ್ಷಿ. ಆ ಚೂರನ್ನು ಪರೀಕ್ಷಿಸುವ ಚರಿತ್ರೆಯನ್ನು ಹೊಸ ಯಂತ್ರಗಳ ಚರಿತ್ರೆಯಾಗಿ ಮಾತ್ರ ಬರೆದರೆ ಸಾಲದು, ಚೂರು ಯಾವ ಬಾಟಲಿಗೆ ಬಿತ್ತು ಎಂಬುದನ್ನೂ ಸೇರಿಸಿ ಬರೆಯಬೇಕು ಎಂಬುದು ಈ ಲೇಖನದ ವಾದ.

1868ರಲ್ಲಿ ಲಾಂಗ್‌ಹಾನ್ಸ್ ಕ್ಷಯದ ಗಂಟುಗಳಲ್ಲಿನ ದೈತ್ಯಕೋಶಗಳನ್ನು ವರ್ಣಿಸಿದಾಗ ರೋಗಾಣು ಯಾವುದೆಂದು ಇನ್ನೂ ತಿಳಿದಿರಲಿಲ್ಲ. 1882ರ ಮಾರ್ಚ್ 24ರಂದು ಬರ್ಲಿನ್‌ನಲ್ಲಿ ರಾಬರ್ಟ್ ಕಾಖ್ ರೋಗಾಣುವನ್ನು ತೋರಿಸಿದಾಗ, ಅವರ ಸ್ಲೈಡುಗಳಲ್ಲಿ ಅಂಗಾಂಶದ ತೆಳುಪದರಗಳೂ ಇದ್ದವು. ಆ ಬಣ್ಣಗಾರಿಕೆಗೆ ಸುಮಾರು ಒಂದು ದಿನ ಹಿಡಿಯುತ್ತಿತ್ತು. ಅದೇ ವರ್ಷ ಎರ್ಲಿಕ್, ಆಮ್ಲಕ್ಕೂ ಬಿಡದ ಬಣ್ಣವನ್ನು ಈ ಜೀವಾಣು ಹಿಡಿದಿಟ್ಟುಕೊಳ್ಳುತ್ತದೆ ಎಂದು ಕಂಡುಕೊಂಡರು. ಆ ವಿಧಾನವನ್ನು ಜೀಲ್ ಮತ್ತು ನೀಲ್ಸನ್ ತಿದ್ದಿದರು. ಅವರಿಬ್ಬರ ಹೆಸರಿನ ಪರೀಕ್ಷೆ ಇಂದಿಗೂ ನಡೆಯುತ್ತಿದೆ.

ಇನ್ನು ನಮ್ಮ ನಾಡಿಗೆ ಬಂದರೆ, ಕ್ಷಯರೋಗಿಗಳಿಗಾಗಿ ಮೈಸೂರಿನ ಕೃಷ್ಣಾಜಮ್ಮಣ್ಣಿ ಆರೋಗ್ಯಧಾಮ 1921ರಲ್ಲಿ ಆರಂಭವಾಯಿತು. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಲ್ಲಿ ಸ್ಥಾಪನೆಯಾಯಿತು. ತುಮಕೂರು ಜಿಲ್ಲೆಯಲ್ಲಿ ಆ ಸಂಸ್ಥೆ ನಡೆಸಿದ ಅಧ್ಯಯನಗಳು 1962ರ ರಾಷ್ಟ್ರೀಯ ಕಾರ್ಯಕ್ರಮಕ್ಕೆ ತಳಹದಿಯಾದವು. ಸೋಂಕು ಹರಡುವವರನ್ನು ಅಗ್ಗದಲ್ಲಿ, ಹಳ್ಳಿಯ ಮಟ್ಟದಲ್ಲೇ ಹುಡುಕಲು ಕಫದ ಸೂಕ್ಷ್ಮದರ್ಶಕ ಪರೀಕ್ಷೆಯೇ ಸರಿ ಎಂಬ ಅದರ ನಿಲುವು ಸಾಧುವಾದುದು. ಆದರೆ ಅದರಿಂದ ಅಂಗಾಂಶದ ಕ್ಷಯ ವೈದ್ಯಕೀಯ ಕಾಲೇಜುಗಳ ರೋಗವಿಜ್ಞಾನ ವಿಭಾಗಗಳಿಗೇ ಸೀಮಿತವಾಯಿತು ಎಂಬುದು ನನ್ನ ತೀರ್ಮಾನ.

ದಾವಣಗೆರೆಯಲ್ಲಿ ಅಂಥ ವಿಭಾಗ ಬಂದದ್ದು ಬಾಪೂಜಿ ವಿದ್ಯಾಸಂಸ್ಥೆ 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ತೆರೆದ ಮೇಲೆ. ಅದಕ್ಕೆ ಮೊದಲು ಸುತ್ತಲಿನ ಕಾಲೇಜುಗಳೆಂದರೆ 1957ರ ಹುಬ್ಬಳ್ಳಿ, 1961ರ ಬಳ್ಳಾರಿ. ಗಿರಣಿ ಕಾರ್ಮಿಕರ ಅಂದಿನ ದಾವಣಗೆರೆಗೂ ಕಿರ್ಲೋಸ್ಕರ್ ಕಾರ್ಖಾನೆಯ ಅಂದಿನ ಹರಿಹರಕ್ಕೂ ಹೊಸ ವಿಭಾಗದ ಮಹತ್ವ ಚಿಕ್ಕದಾಗಿರಲಿಲ್ಲ. ತುಂಗಭದ್ರೆಯ ದಡದಲ್ಲಿ ತೆಗೆದ ಚೂರು ಸುಮಾರು 14 ಕಿಲೋಮೀಟರ್ ದೂರದ ತಜ್ಞರನ್ನು ಅದೇ ದಿನ ತಲುಪುವಂತಾಯಿತು.

ರೋಗವಿಜ್ಞಾನ ವಿಭಾಗದ ಮೇಜಿನ ಮೇಲಿನ ಕೆಲಸವನ್ನು ಹತ್ತಿರದಿಂದ ನೋಡಬೇಕು. ಫಾರ್ಮಾಲಿನ್‌ನಲ್ಲಿ ಗಟ್ಟಿಯಾದ ಚೂರನ್ನು ಮೇಣದಲ್ಲಿ ಹುದುಗಿಸಿ, ಮೈಕ್ರೊಟೋಮ್‌ನಿಂದ 3ರಿಂದ 5 ಮೈಕ್ರಾನ್ ತೆಳುವಾಗಿ ಕೊಯ್ದು, ಬೆಚ್ಚಗಿನ ನೀರಿನ ಮೇಲೆ ತೇಲಿಬಿಟ್ಟು ಗಾಜಿಗೆ ಎತ್ತಿಕೊಳ್ಳುತ್ತಾರೆ. ಕ್ಸೈಲೀನ್ ಮೇಣವನ್ನು ಕರಗಿಸುತ್ತದೆ. ಕಾರ್ಬಾಲ್ ಫುಕ್ಸಿನ್ ಸುರಿದು ಆವಿ ಏಳುವವರೆಗೆ ಕಾಯಿಸಬೇಕು, ಕುದಿಸಬಾರದು. ಆಮೇಲೆ ಆಮ್ಲ, ಕೊನೆಗೆ ಮೀಥಿಲೀನ್ ಬ್ಲೂ. ನೀಲಿಯ ನಡುವೆ ಕೆಂಪು ಕಡ್ಡಿ ಕಂಡರೆ ಉತ್ತರ ಸಿಕ್ಕಿತು. ಎಷ್ಟೋ ಸಲ ಕಾಣುವುದಿಲ್ಲ. ಕಫದಲ್ಲೇ ಪ್ರತಿ ಮಿಲಿಲೀಟರಿಗೆ ಕನಿಷ್ಠ 5,000ದಿಂದ 10,000 ಜೀವಾಣುಗಳಿದ್ದರೆ ಮಾತ್ರ ಕಣ್ಣಿಗೆ ಬೀಳುತ್ತವೆ. ಗಂಟಿನಲ್ಲಿ ಅವು ಇನ್ನೂ ವಿರಳ, ಕೊಯ್ದ ಪದರದಲ್ಲಿ ಒಂದೂ ಇಲ್ಲದಿರಬಹುದು. ಅದೂ ಅಲ್ಲದೆ ಮೇಣ ಕರಗಿಸುವ ಕ್ಸೈಲೀನ್ ಜೀವಾಣುವಿನ ಕೊಬ್ಬಿನ ಹೊದಿಕೆಗೂ ಪೆಟ್ಟು ಕೊಡುತ್ತದೆ. ಕುಷ್ಠದ ಜೀವಾಣುವಿಗಾಗಿ ರೂಪಿಸಿದ ಫೈಟ್ ವಿಧಾನದಲ್ಲಿ ಕ್ಸೈಲೀನ್ ಜೊತೆ ಶೇಂಗಾ ಎಣ್ಣೆ ಬೆರೆಸುವುದು ಆ ಹೊದಿಕೆಯನ್ನು ಉಳಿಸಲೆಂದೇ.

ಜೀವಾಣು ಕಾಣದಾಗ ಉಳಿಯುವುದು ಗ್ರ್ಯಾನುಲೋಮ, ಅಂದರೆ ದೇಹದ ರಕ್ಷಣಾಕೋಶಗಳ ಗುಂಪು, ಅದರ ನಡುವೆ ಗಿಣ್ಣಿನಂತೆ ಕೊಳೆತ ಭಾಗ. ಗಂಟಿನಿಂದ ಸೂಜಿಯಲ್ಲಿ ಕೋಶಗಳನ್ನು ಹೀರಿ ನೋಡುವ ಪರೀಕ್ಷೆಯಲ್ಲೂ ವೈದ್ಯರು ಹುಡುಕುವುದು ಇದನ್ನೇ. ಆದರೆ ಸಾರ್ಕಾಯ್ಡೋಸಿಸ್, ಶಿಲೀಂಧ್ರ, ಕುಷ್ಠಗಳಲ್ಲೂ ಗ್ರ್ಯಾನುಲೋಮ ಬರುವುದುಂಟು. ಹಾಗಾಗಿ ಅದು ಬಲವಾದ ಸೂಚನೆ ಮಾತ್ರ, ಕೊನೆಯ ಮಾತಲ್ಲ.

ಕೊನೆಯ ಮಾತು ಕೃಷಿ ಪರೀಕ್ಷೆಯದು, ಎಂದರೆ ಜೀವಾಣುವನ್ನು ಬೆಳೆಸಿ ನೋಡುವುದು. 1930ರ ದಶಕದ ಲೋವೆನ್‌ಸ್ಟೈನ್–ಜೆನ್ಸನ್ ಮೊಟ್ಟೆಯ ಮಾಧ್ಯಮದಲ್ಲಿ ಅದಕ್ಕೆ 8 ವಾರಗಳವರೆಗೂ ಕಾಯಬೇಕು. ಈ ಕಾಯುವಿಕೆಯನ್ನು ಜೀವಾಣುವಿನ ಡಿಎನ್‌ಎಯನ್ನೇ ಹುಡುಕುವ ಆಣ್ವಿಕ ಪರೀಕ್ಷೆ ಮುರಿಯಿತು. ಸುಮಾರು 2 ಗಂಟೆಯಲ್ಲಿ ಜೀವಾಣುವನ್ನೂ ರಿಫಾಂಪಿಸಿನ್ ನಿರೋಧವನ್ನೂ ಹೇಳುವ ಎಕ್ಸ್‌ಪರ್ಟ್ ಪರೀಕ್ಷೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಒಪ್ಪಿತು. 2013ರಲ್ಲಿ ದುಗ್ಧಗ್ರಂಥಿ ಮತ್ತಿತರ ಅಂಗಾಂಶಗಳಿಗೂ ಶಿಫಾರಸು ವಿಸ್ತರಿಸಿತು. ಗೋವಾದಲ್ಲಿ ತಯಾರಾಗುವ ಟ್ರೂನ್ಯಾಟ್ ಎಂಬ ಇಂಥದೇ ಪರೀಕ್ಷೆಗೆ 2020ರಲ್ಲಿ ಅದೇ ಸಂಸ್ಥೆಯ ಮಾನ್ಯತೆ ದೊರೆಯಿತು. ಆದರೂ ಆಣ್ವಿಕ ಪರೀಕ್ಷೆಯ ನಕಾರಾತ್ಮಕ ಫಲಿತಾಂಶ ಕ್ಷಯವನ್ನು ತಳ್ಳಿಹಾಕುವುದಿಲ್ಲ. ಹಿಂದೆ ಚಿಕಿತ್ಸೆ ಪಡೆದವರಲ್ಲಿ ಸತ್ತ ಜೀವಾಣುವಿನ ಡಿಎನ್‌ಎಯೂ ಸಿಕ್ಕಬಹುದು.

ಇಲ್ಲಿಗೇ ಬಾಟಲಿಯ ಪ್ರಶ್ನೆ ಮರಳುತ್ತದೆ. ಫಾರ್ಮಾಲಿನ್ ಕೋಶಗಳ ಆಕಾರವನ್ನು ಕಾಪಾಡುತ್ತದೆ, ಜೀವಾಣುವನ್ನು ಕೊಲ್ಲುತ್ತದೆ, ಡಿಎನ್‌ಎಯನ್ನು ತುಂಡರಿಸುತ್ತದೆ. ಇಡೀ ಚೂರು ಅದರಲ್ಲಿ ಬಿದ್ದರೆ ಕೃಷಿ ಪರೀಕ್ಷೆಯ ದಾರಿ ಮುಚ್ಚಿತು, ಆಣ್ವಿಕ ಪರೀಕ್ಷೆಯೂ ದುರ್ಬಲವಾಯಿತು. ಆದ್ದರಿಂದ ಹರಿಹರದಲ್ಲಾಗಲಿ ದಾವಣಗೆರೆಯಲ್ಲಾಗಲಿ ಗಂಟು ಕೊಯ್ಯುವ ಶಸ್ತ್ರವೈದ್ಯರಲ್ಲಿ ನನ್ನ ವಿನಂತಿ ಇಷ್ಟೇ: ಕ್ಷಯದ ಅನುಮಾನ ಎಳ್ಳಷ್ಟಿದ್ದರೂ ಒಂದು ಚೂರನ್ನು ಫಾರ್ಮಾಲಿನ್‌ಗೆ, ಇನ್ನೊಂದನ್ನು ಶುದ್ಧ ಸಲೈನ್‌ಗೆ ಹಾಕಿ, ಎರಡನ್ನೂ ಅದೇ ದಿನ ಪ್ರಯೋಗಾಲಯಕ್ಕೆ ಕಳುಹಿಸಿ.