ಎಲ್ಲ ಮಕ್ಕಳೂ ಆಡಬಲ್ಲ ಮೈದಾನ: ಏನೇನಿರಬೇಕು?

ಅಂಗವೈಕಲ್ಯವಿರುವ ಮಕ್ಕಳಿಗೂ ಇತರ ಮಕ್ಕಳಷ್ಟೇ ಆಟದ ಅವಕಾಶ ಇರಬೇಕು ಎನ್ನುತ್ತದೆ ಭಾರತ 2007ರಲ್ಲಿ ಅನುಮೋದಿಸಿದ ವಿಶ್ವಸಂಸ್ಥೆಯ ಒಡಂಬಡಿಕೆ. ಬೆಂಗಳೂರಿನಲ್ಲಿ ಪೋಷಕರು ಕಟ್ಟಿದ ‘ಕಿಲಿಕಿಲಿ’ ಸಂಸ್ಥೆ, ಪಾಲಿಕೆಯೊಡನೆ ಸೇರಿ ಕೋಲ್ಸ್ ಪಾರ್ಕ್‌ನಲ್ಲಿ ಇಂಥ ಅಂಗಳ ರೂಪಿಸಿತು.

ದಾರಿ: ಗೇಟಿನಿಂದ ಉಯ್ಯಾಲೆಯವರೆಗೆ ಮೆಟ್ಟಿಲಿಲ್ಲದ ಗಟ್ಟಿ ನೆಲ ಬೇಕು. ಮರಳಿನಲ್ಲಿ ಗಾಲಿಕುರ್ಚಿ ಹೂತುಹೋಗುತ್ತದೆ. ಇಳಿಜಾರಾದರೆ 1 ಅಡಿ ಎತ್ತರಕ್ಕೆ ಕನಿಷ್ಠ 12 ಅಡಿ ಉದ್ದ.

ಸಲಕರಣೆ: ಬೆನ್ನಿಗೆ ಆಸರೆಯಿರುವ ಉಯ್ಯಾಲೆ, ಗಾಲಿಕುರ್ಚಿಯಲ್ಲಿ ಕುಳಿತೇ ಕೈಗೆಟುಕುವ ಮರಳಿನ ಮೇಜು.

ಇಂದ್ರಿಯಗಳು: ದೃಷ್ಟಿದೋಷವಿರುವವರಿಗೆ ಮುಟ್ಟಿ, ಬಾರಿಸಿ ಆಡುವ ಫಲಕಗಳು; ಗದ್ದಲ ಸಹಿಸದ ಆಟಿಸಂ ಮಕ್ಕಳಿಗೆ ಶಾಂತ ಮೂಲೆ.

ನೆರಳು, ನೀರು: ಸೂರತ್, ಅಹಮದಾಬಾದ್‌ನಂಥ ಊರುಗಳಲ್ಲಿ ಇದು ಸೌಕರ್ಯದ ಮಾತಷ್ಟೇ ಅಲ್ಲ. ಅಪಸ್ಮಾರಕ್ಕೆ ಕೊಡುವ ಟೋಪಿರಾಮೇಟ್, ಜೊಲ್ಲು ತಗ್ಗಿಸುವ ಗ್ಲೈಕೋಪಿರೋಲೇಟ್ ಬೆವರುವಿಕೆಯನ್ನು ಕಡಿಮೆ ಮಾಡಬಹುದು. ಆಗ ಮಗುವಿನ ಮೈ ಬೇಗ ಕಾಯುತ್ತದೆ. ಬೆಳಿಗ್ಗೆ ಅಥವಾ ಸಂಜೆ ಆಡಿಸಿ, ಆಗಾಗ ನೀರು ಕುಡಿಸಿ. ಮೈ ಬಿಸಿಯಾಗಿ ಬೆವರೇ ಬಾರದಿದ್ದರೆ, ಮಗು ಮಂಕಾದರೆ, ನೆರಳಿಗೆ ಕರೆತಂದು ಮೈ ತಣಿಸಿ, ಕೂಡಲೇ ವೈದ್ಯರಿಗೆ ತೋರಿಸಿ. ಔಷಧವನ್ನು ನೀವಾಗಿಯೇ ನಿಲ್ಲಿಸಬೇಡಿ.

ನೆನಪಿಡಿ: ‘ವಿಶೇಷ’ ಉಯ್ಯಾಲೆಯೊಂದನ್ನು ಬೇರೆ ಮೂಲೆಯಲ್ಲಿ ನೆಟ್ಟರೆ ಸಾಲದು. ಅಕ್ಕ ತಮ್ಮ ಒಂದೇ ಕಡೆ ಆಡುವಂತಾಗಬೇಕು.